ಮೆಷಿನ್ ಬದಲಿಸುವ ಮುಂಚೆ ಸೂಜಿ ಬದಲಿಸಿ

ಪ್ರಶ್ನೆ: ಒಂದು ವರ್ಷದಿಂದ ಮನೆಯಲ್ಲೇ ಹೊಲಿಯುತ್ತಿದ್ದೇನೆ. ನೇರ ಹೊಲಿಗೆ ಚೆನ್ನಾಗಿ ಬರುತ್ತದೆ. ಆದರೆ ತೆಳು ಬಟ್ಟೆ ಹೊಲಿದರೆ ಹೊಲಿಗೆಯ ಉದ್ದಕ್ಕೂ ಸುಕ್ಕು ಬೀಳುತ್ತದೆ, ಆಗಾಗ ಬಟ್ಟೆಯ ಅಡಿಯಲ್ಲಿ ದಾರ ಸಿಕ್ಕಾಗುತ್ತದೆ, ದುಂಡು ಕುತ್ತಿಗೆ ಹಿಗ್ಗಿ ಎದ್ದು ನಿಲ್ಲುತ್ತದೆ, ಅಗಲ ಘೇರಿನ ಸ್ಕರ್ಟ್‌ನ ಕೆಳ ಅಂಚು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ದಾರದ ಬಿಗಿ ಹೊಂದಿಸುವ ಟೆನ್ಷನ್ ಗುಂಡಿ ತಿರುಗಿಸಿ ತಿರುಗಿಸಿ ಸಾಕಾಯಿತು. ಹೊಸ ಮೆಷಿನ್ ತೆಗೆದುಕೊಳ್ಳಬೇಕಾ? ಅಂಚಿನ ಎಳೆ ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಮೆಷಿನ್ ಇಲ್ಲದೆ ಬಟ್ಟೆಯ ಒಳಭಾಗ ನೀಟಾಗಿ ಕಾಣುವ ಹಾಗೆ ಮಾಡಬಹುದಾ?

ಉತ್ತರ: ಹೊಸ ಮೆಷಿನ್ ಬೇಡ. ನೇರ ಹೊಲಿಗೆ ಚೆನ್ನಾಗಿ ಬರುತ್ತಿದೆ ಎಂದು ನೀವೇ ಹೇಳಿದ್ದೀರಿ, ಅಂದರೆ ಮೆಷಿನ್ ತನ್ನ ಕೆಲಸ ಮಾಡುತ್ತಿದೆ. ನೀವು ಬರೆದ ತೊಂದರೆಗಳೆಲ್ಲ ಹುಟ್ಟುವುದು ಒಂದು ಹೊಲಿಗೆಗೂ ಇನ್ನೊಂದು ಹೊಲಿಗೆಗೂ ನಡುವಿನ ಹೊತ್ತಿನಲ್ಲಿ. ದಾರ ಪೋಣಿಸುವಾಗ, ಬಟ್ಟೆ ಕತ್ತರಿಸಿ ಎತ್ತಿಡುವಾಗ, ಇಸ್ತ್ರಿ ಮಾಡದೆ ಮುಂದೆ ಹೋಗುವಾಗ. ಹೆಚ್ಚು ದುಡ್ಡು ಕೊಟ್ಟು ತಂದ ಮೆಷಿನ್‌ನಲ್ಲೂ ಇವೇ ತೊಂದರೆಗಳು ಬರುತ್ತವೆ.

ಮೊದಲು ಟೆನ್ಷನ್ ಗುಂಡಿಯನ್ನು ಮಧ್ಯದ ಅಂಕಿಗೆ ತಂದು ಬಿಟ್ಟುಬಿಡಿ. 0ಯಿಂದ 9ರವರೆಗೆ ಅಂಕಿ ಇರುವ ಮೆಷಿನ್‌ಗಳಲ್ಲಿ ಸಾಮಾನ್ಯವಾಗಿ ಅದು 4ರ ಆಸುಪಾಸು ಇರುತ್ತದೆ. ಎಲ್ಲರೂ ತೊಂದರೆ ಬಂದ ಕೂಡಲೇ ಕೈ ಹಾಕುವುದು ಈ ಗುಂಡಿಗೇ, ಆದರೆ ನಾನು ಅದನ್ನು ಕೊನೆಗೆ ಮುಟ್ಟುತ್ತೇನೆ. ಅದಕ್ಕೂ ಮುಂಚೆ ಮೂರು ಕೆಲಸ ಇವೆ: ಮೇಲಿನ ದಾರ ಪೂರ್ತಿ ಬಿಚ್ಚಿ ಮತ್ತೆ ಪೋಣಿಸುವುದು, ಬಾಬಿನ್ (ಅಡಿಯ ದಾರ ಸುತ್ತಿದ ಸಣ್ಣ ಉರುಳೆ) ತೆಗೆದು ಮತ್ತೆ ಕೂರಿಸುವುದು, ಸೂಜಿ ಬದಲಿಸುವುದು. ಇಷ್ಟಕ್ಕೇ ಎಷ್ಟೋ ತೊಂದರೆ ಹೋಗುತ್ತದೆ.

ಅಡಿಯಲ್ಲಿ ದಾರ ಸಿಕ್ಕಾಗುವ ವಿಷಯ ತೆಗೆದುಕೊಳ್ಳಿ. ಅಡಿಯಲ್ಲಿ ಕಾಣುತ್ತದೆ ಅಂತ ಎಲ್ಲರೂ ಬಾಬಿನ್ ಮೇಲೆ ಅನುಮಾನ ಪಡುತ್ತಾರೆ. ನಿಜವಾದ ಕಾರಣ ಹೆಚ್ಚಿನ ಸಲ ಮೇಲಿನ ದಾರ. ಮೆಷಿನ್‌ನ ಟೆನ್ಷನ್ ತಟ್ಟೆಗಳು, ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್ ಮೇಲೆತ್ತಿದಾಗ ಬಿಚ್ಚಿಕೊಳ್ಳುತ್ತವೆ, ಕೆಳಗಿಳಿಸಿದಾಗ ಒತ್ತಿಕೊಳ್ಳುತ್ತವೆ. ಫೂಟ್ ಕೆಳಗಿದ್ದಾಗ ದಾರ ಪೋಣಿಸಿದರೆ ಅದು ತಟ್ಟೆಗಳ ನಡುವೆ ಹೋಗುವುದೇ ಇಲ್ಲ, ಮೇಲೆ ಸುಮ್ನೆ ಕೂತಿರುತ್ತದೆ. ಆಗ ದಾರಕ್ಕೆ ಹಿಡಿತವೇ ಇಲ್ಲದೆ ಅಡಿಗೆ ಸುರಿದು ಗೂಡು ಕಟ್ಟುತ್ತದೆ. ಹಾಗಾಗಿ ಪೋಣಿಸುವಾಗ ಫೂಟ್ ಯಾವಾಗಲೂ ಮೇಲಿರಲಿ. ಪೋಣಿಸಿದ ಮೇಲೆ ಫೂಟ್ ಇಳಿಸಿ, ಸೂಜಿಯ ಹತ್ತಿರ ದಾರವನ್ನು ಮೆಲ್ಲಗೆ ಎಳೆದು ನೋಡಿ. ಬಿಗಿ ಗೊತ್ತಾಗಬೇಕು. ಸರಾಗವಾಗಿ ಬಂದರೆ ಮತ್ತೆ ಪೋಣಿಸಿ. ಮೇಲೆ ಕೆಳಗೆ ಆಡುವ ಕೊಕ್ಕೆಯಿಂದ ದಾರ ಜಾರಿಹೋಗಿದ್ದರೂ ಇದೇ ಗತಿ, ಅದನ್ನೂ ನೋಡಿಕೊಳ್ಳಿ. ಇನ್ನು ಹೊಲಿಗೆ ಶುರು ಮಾಡುವಾಗ ಎರಡೂ ದಾರದ ತುದಿಗಳನ್ನು ಹಿಂದಕ್ಕೆ ಹಿಡಿದುಕೊಂಡು ಮೂರ್ನಾಲ್ಕು ಹೊಲಿಗೆ ಹಾಕಿ, ಆಮೇಲೆ ಬಿಡಿ. ಶುರುವಿನಲ್ಲಿ ಬೀಳುವ ಗಂಟು ಇಷ್ಟರಿಂದಲೇ ನಿಲ್ಲುತ್ತದೆ.

ಈಗ ಸೂಜಿ. ಈ ಸಣ್ಣ ವಸ್ತುವಿನ ಬಗ್ಗೆ ಮನೆಯಲ್ಲಿ ಹೊಲಿಯುವವರು ತೋರಿಸುವ ಅಸಡ್ಡೆ ನೋಡಿದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಮುರಿಯುವ ತನಕ ಅದೇ ಸೂಜಿ! ಸುಮಾರು ಎಂಟು ಗಂಟೆ ಹೊಲಿದ ಮೇಲೆ ಸೂಜಿಯ ಮೊನೆ ಸವೆದಿರುತ್ತದೆ, ಕಣ್ಣಿಗೆ ಕಾಣದಿದ್ದರೂ. ಸೂಜಿ ಬಟ್ಟೆ ಚುಚ್ಚುವಾಗ ಟಪ್ ಟಪ್ ಅನ್ನುವ ಸದ್ದು ಬಂದರೆ ಅದು ಮೊಂಡಾಗಿದೆ ಅಂತಲೇ ಅರ್ಥ. ಪ್ಯಾಕೆಟ್ ಮೇಲೆ 80/12, 90/14 ಅಂತ ಎರಡು ಅಂಕಿ ಇರುತ್ತವೆ. ಮೊದಲ ಅಂಕಿ ಸೂಜಿಯ ದಪ್ಪ, ಮಿಲಿಮೀಟರ್‌ನ ನೂರನೇ ಒಂದು ಭಾಗದ ಲೆಕ್ಕದಲ್ಲಿ. 80 ಅಂದರೆ 0.8 ಮಿಲಿಮೀಟರ್. ಎರಡನೆಯದು ಅದೇ ದಪ್ಪವನ್ನು ಬೇರೆ ಪದ್ಧತಿಯಲ್ಲಿ ಹೇಳುವುದು. ತೆಳು ರೇಷ್ಮೆ, ಷಿಫಾನ್, ವಾಯಿಲ್ ತರಹದ ಬಟ್ಟೆಗೆ 60 ಅಥವಾ 70 ಬೇಕು. ಮಾಮೂಲಿ ಹತ್ತಿ ಬಟ್ಟೆಗೆ 80. ದಪ್ಪ ಹತ್ತಿ, ಪರದೆ ಬಟ್ಟೆಗೆ 90. ಜೀನ್ಸ್‌ಗೆ 100, ಅದೂ ಜೀನ್ಸ್‌ಗೆಂದೇ ಮಾಡಿದ ಗಟ್ಟಿ ಸೂಜಿ. ಟೀ ಶರ್ಟ್ ತರಹದ ಹೆಣೆದ ಬಟ್ಟೆಗೆ ಮೊನೆ ದುಂಡಾಗಿರುವ ಬಾಲ್ ಪಾಯಿಂಟ್ ಸೂಜಿ ಬೇಕೇ ಬೇಕು, ಯಾಕೆಂದರೆ ಚೂಪು ಮೊನೆ ಹೆಣಿಗೆಯ ಎಳೆಯನ್ನೇ ಕತ್ತರಿಸುತ್ತದೆ, ದುಂಡು ಮೊನೆ ಎಳೆಗಳನ್ನು ಸರಿಸಿ ನಡುವೆ ಇಳಿಯುತ್ತದೆ. ಅಲ್ಲಲ್ಲಿ ಹೊಲಿಗೆ ಬೀಳದೆ ಹಾರಿಹೋಗುತ್ತಿದ್ದರೆ ಮೊದಲು ನೋಡಬೇಕಾದ್ದೂ ಸೂಜಿಯನ್ನೇ: ತಪ್ಪು ಜಾತಿಯದ್ದಾ, ಬಾಗಿದೆಯಾ, ತಿರುಗುಮುರುಗಾಗಿ ಹಾಕಿದ್ದಾ. ಸೂಜಿಯ ಒಂದು ಬದಿಯಲ್ಲಿ ಉದ್ದನೆ ತೋಡು ಇರುತ್ತದೆ, ದಾರ ಆ ಬದಿಯಿಂದಲೇ ಕಣ್ಣಿನೊಳಗೆ ಹೋಗಬೇಕು.

ತೆಳು ಬಟ್ಟೆಯ ಸುಕ್ಕಿಗೆ ಒಂದೇ ಕಾರಣ ಇರುವುದಿಲ್ಲ, ನಾಲ್ಕೈದು ಸೇರಿಕೊಂಡಿರುತ್ತವೆ. ದಪ್ಪ ಸೂಜಿ ಮೊದಲನೆಯದು. ದಪ್ಪ ದಾರ ಎರಡನೆಯದು. ಒತ್ತಾಗಿ ನೇಯ್ದ ಬಟ್ಟೆಯಲ್ಲಿ ದಾರಕ್ಕೆ ಜಾಗವೇ ಇರುವುದಿಲ್ಲ, ದಪ್ಪ ದಾರ ತೂರಿಸಿದರೆ ಅದು ಅಕ್ಕಪಕ್ಕದ ಎಳೆಗಳನ್ನು ತಳ್ಳುತ್ತದೆ, ಬಟ್ಟೆ ಉಬ್ಬುತ್ತದೆ. ಇಂಥ ಸುಕ್ಕು ಹಾಸು ಎಳೆಯ (ಬಟ್ಟೆಯ ಉದ್ದಕ್ಕೆ ಓಡುವ ಎಳೆ) ಉದ್ದಕ್ಕೆ ಹೊಲಿದಾಗ ಜಾಸ್ತಿ, ಸ್ವಲ್ಪ ಓರೆಯಾಗಿ ಹೊಲಿದಾಗ ಕಡಿಮೆ. ಆಮೇಲೆ ಹೊಲಿಗೆಯ ಉದ್ದ. ಮಾಮೂಲಿ ಬಟ್ಟೆಗೆ 2.5 ಮಿಲಿಮೀಟರ್ ಸರಿ, ತೆಳು ಬಟ್ಟೆಗೆ 2ಕ್ಕೆ ಇಳಿಸಿ. ಇಷ್ಟೂ ಆದ ಮೇಲೆ ಸುಕ್ಕು ಉಳಿದರೆ ಆಗ ಟೆನ್ಷನ್ ಅರ್ಧ ಅಂಕಿ ಕಡಿಮೆ ಮಾಡಿ ನೋಡಿ.

ಯಾರೂ ಅಷ್ಟಾಗಿ ಹೇಳದ ಇನ್ನೊಂದು ಕಾರಣ ಇದೆ, ಬಾಬಿನ್ ಸುತ್ತುವ ವೇಗ. ಪಾಲಿಯೆಸ್ಟರ್ ದಾರ ಸ್ವಲ್ಪ ಹಿಗ್ಗುತ್ತದೆ. ಪೆಡಲ್ ಪೂರ್ತಿ ಒತ್ತಿ ಜೋರಾಗಿ ಸುತ್ತಿದರೆ ದಾರ ಹಿಗ್ಗಿದ ಸ್ಥಿತಿಯಲ್ಲೇ ಬಾಬಿನ್‌ಗೆ ಸುತ್ತಿಕೊಳ್ಳುತ್ತದೆ, ಬಟ್ಟೆಗೆ ಹೋದ ಮೇಲೆ ಮತ್ತೆ ತನ್ನ ಉದ್ದಕ್ಕೆ ಕುಗ್ಗುತ್ತದೆ, ಜೊತೆಗೆ ಬಟ್ಟೆಯನ್ನೂ ಎಳೆದುಕೊಳ್ಳುತ್ತದೆ. ಹೊಲಿದಾಗ ಚೆನ್ನಾಗಿದ್ದ ಹೊಲಿಗೆ ಆಮೇಲೆ ಸುಕ್ಕಾಗುವುದು ಹೀಗೂ ಆಗುತ್ತದೆ. ನಿಧಾನವಾಗಿ, ಒಂದೇ ವೇಗದಲ್ಲಿ ಸುತ್ತಿ.

ಟೆನ್ಷನ್ ಸರಿ ಇದೆಯಾ ಅಂತ ತಿಳಿಯಲು ಮೇಲೆ ಒಂದು ಬಣ್ಣ, ಬಾಬಿನ್‌ನಲ್ಲಿ ಇನ್ನೊಂದು ಬಣ್ಣದ ದಾರ ಹಾಕಿ, ಅದೇ ಬಟ್ಟೆಯ ಚೂರನ್ನು ಎರಡು ಪದರ ಮಾಡಿ ಹೊಲಿಯಿರಿ. ಅಡಿಯ ಬಣ್ಣ ಮೇಲೆ ಚುಕ್ಕೆಯಾಗಿ ಕಂಡರೆ ಮೇಲಿನ ಟೆನ್ಷನ್ ಜಾಸ್ತಿ, ಮೇಲಿನ ಬಣ್ಣ ಅಡಿಯಲ್ಲಿ ಕಂಡರೆ ಕಡಿಮೆ. ಗಂಟು ಎರಡು ಪದರಗಳ ನಡುವೆ ಅಡಗಿರಬೇಕು. ಪ್ರತಿ ಹೊಸ ಬಟ್ಟೆಗೂ ಈ ಪರೀಕ್ಷೆ ಮಾಡಿ, ಎರಡು ನಿಮಿಷದ ಕೆಲಸ.

ಕೈಯಿಂದಲೂ ಸುಕ್ಕು ಬರುತ್ತದೆ. ಬಟ್ಟೆಯನ್ನು ಹಿಂದಿನಿಂದ ಎಳೆಯುತ್ತೀರಾ? ಎಳೆದರೆ ಸೂಜಿಯೂ ಬಾಗುತ್ತದೆ, ಅಡಿಯ ತಟ್ಟೆಗೆ ತಗುಲಿ ಮುರಿಯಲೂಬಹುದು. ಬಟ್ಟೆ ಮುಂದೆ ಸಾಗಿಸುವುದು ಫೂಟ್ ಕೆಳಗಿನ ಹಲ್ಲುಗಳ ಕೆಲಸ. ನಮ್ಮ ಕೈಗೆ ಇರುವುದು ದಾರಿ ತೋರಿಸುವ ಕೆಲಸ ಮಾತ್ರ. ತೀರಾ ಜಾರುವ ತೆಳು ಬಟ್ಟೆಯಾದರೆ ಸೂಜಿಯ ಮುಂದೆ ಹಿಂದೆ ಎರಡೂ ಕಡೆ ಸಮನಾಗಿ ಬಿಗಿ ಹಿಡಿಯಿರಿ, ಎಳೆಯದೆ. ಅಡಿಗೆ ತೆಳು ಟಿಶ್ಯೂ ಕಾಗದದ ಪಟ್ಟಿ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಬಹುದು, ಬಟ್ಟೆ ಸೂಜಿ ಇಳಿಯುವ ರಂಧ್ರದೊಳಗೆ ಎಳೆದುಕೊಂಡು ಹೋಗುವುದೂ ಇದರಿಂದ ತಪ್ಪುತ್ತದೆ.

ಹಲ್ಲುಗಳ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಹಲ್ಲು ಹಿಡಿಯುವುದು ಅಡಿಯ ಪದರವನ್ನು. ಮೇಲಿನ ಪದರವನ್ನು ಫೂಟ್ ಒತ್ತಿ ತಡೆಯುತ್ತಿರುತ್ತದೆ. ಹಾಗಾಗಿ ಎರಡು ಸಮ ತುಂಡು ಜೋಡಿಸಿ ಹೊಲಿದರೂ ಕೊನೆಯಲ್ಲಿ ಮೇಲಿನದು ಉದ್ದ ಉಳಿಯುತ್ತದೆ, ಅಲ್ವಾ? ತುಂಡು ತಪ್ಪಾಗಿ ಕತ್ತರಿಸಿದೆ ಅಂತ ಉಳಿದದ್ದನ್ನು ಕತ್ತರಿಸಬೇಡಿ. ಗುಂಡುಸೂಜಿಗಳನ್ನು ಹೊಲಿಗೆಗೆ ಅಡ್ಡಲಾಗಿ ಚುಚ್ಚಿ, ಮೆಷಿನ್ ಸೂಜಿ ಹತ್ತಿರ ಬರುವ ಮುಂಚೆ ಒಂದೊಂದನ್ನೇ ತೆಗೆಯಿರಿ. ಗುಂಡುಸೂಜಿ ಮೇಲೆ ಹೊಲಿಯುವ ಅಭ್ಯಾಸ ಬೇಡ, ಮುರಿದ ಸೂಜಿ ಕಣ್ಣಿಗೆ ಹಾರಬಹುದು. ತೋಳು ಕೂರಿಸುವಾಗ ಇದೇ ಗುಣ ಉಪಯೋಗಕ್ಕೆ ಬರುತ್ತದೆ: ತೋಳಿನ ಮೇಲ್ಭಾಗ ಆರ್ಮ್‌ಹೋಲ್‌ಗಿಂತ ಸ್ವಲ್ಪ ದೊಡ್ಡದಾಗಿರುತ್ತದೆ, ಆ ದೊಡ್ಡ ಪದರವನ್ನು ಹಲ್ಲಿನ ಕಡೆಗೆ, ಅಂದರೆ ಅಡಿಗೆ ಇಟ್ಟು ಹೊಲಿದರೆ ಹಲ್ಲೇ ಆ ಹೆಚ್ಚುವರಿಯನ್ನು ಒಳಗೆ ಸೇರಿಸುತ್ತದೆ.

ಇನ್ನು ಕುತ್ತಿಗೆ. ದುಂಡು ಕುತ್ತಿಗೆ ಯಾಕೆ ಹಿಗ್ಗುತ್ತದೆ ಎಂದು ತಿಳಿದರೆ ಪರಿಹಾರ ತಾನಾಗಿ ಹೊಳೆಯುತ್ತದೆ. ನೇಯ್ದ ಬಟ್ಟೆ ಹಾಸು ಎಳೆಯ ಉದ್ದಕ್ಕೆ ಎಳೆದರೆ ಅಷ್ಟಾಗಿ ಹಿಗ್ಗುವುದಿಲ್ಲ, ಹೊಕ್ಕು ಎಳೆಯ, ಅಂದರೆ ಅಡ್ಡ ಎಳೆಯ ಕಡೆಗೆ ಸ್ವಲ್ಪ ಹಿಗ್ಗುತ್ತದೆ. ಎರಡಕ್ಕೂ ಓರೆಯಾಗಿ, 45 ಡಿಗ್ರಿಯಲ್ಲಿ, ಟೈಲರ್‌ಗಳು ಕ್ರಾಸ್ ಅನ್ನುತ್ತಾರಲ್ಲ, ಆ ಕಡೆಗೆ ಎಳೆದರೆ ತುಂಬಾ ಹಿಗ್ಗುತ್ತದೆ. ದುಂಡಗೆ ಕತ್ತರಿಸಿದ ಕುತ್ತಿಗೆಯಲ್ಲಿ ಎರಡೂ ಬದಿ ಇಂಥ ಓರೆ ಭಾಗ ಬಂದೇ ಬರುತ್ತದೆ. ಕತ್ತರಿಸಿದ ತುಂಡನ್ನು ಎತ್ತಿದಾಗ, ಮಡಚಿದಾಗ, ಮೈಗೆ ಹಿಡಿದು ನೋಡಿದಾಗ, ಅಷ್ಟಕ್ಕೇ ಅದು ಹಿಗ್ಗಿರುತ್ತದೆ. ಮೆಷಿನ್ ಹತ್ತಿರ ಹೋಗುವ ಹೊತ್ತಿಗೆ ಕುತ್ತಿಗೆ ಆಗಲೇ ದೊಡ್ಡದು.

ಅದಕ್ಕೇ ಕತ್ತರಿಸಿದ ಕೂಡಲೇ, ಬೇರೆ ಯಾವ ಕೆಲಸಕ್ಕೂ ಮುಂಚೆ, ಆ ಒಂಟಿ ಪದರದ ಮೇಲೆ ಒಂದು ಸಾಲು ಹೊಲಿಗೆ ಹಾಕಿಬಿಡಬೇಕು. ಇದನ್ನು ಸ್ಟೇ ಸ್ಟಿಚ್ ಅನ್ನುತ್ತಾರೆ. ನಿಜವಾದ ಹೊಲಿಗೆ ಬೀಳುವ ಗೆರೆಯಿಂದ ಸುಮಾರು 3 ಮಿಲಿಮೀಟರ್ ಅಂಚಿನ ಕಡೆಗೆ ಇರಲಿ, ಆಗ ಅದು ಮಾರ್ಜಿನ್ (ಹೊಲಿಗೆಗೂ ಅಂಚಿಗೂ ನಡುವೆ ಬಿಡುವ ಬಟ್ಟೆ) ಒಳಗೇ ಉಳಿಯುತ್ತದೆ, ಬಿಚ್ಚಬೇಕಾಗಿಲ್ಲ. ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಒಂದೇ ಎಳೆತದಲ್ಲಿ ಹೊಲಿಯಬೇಡಿ. ಒಂದು ಭುಜದಿಂದ ನಡುವಿಗೆ, ದಾರ ಕತ್ತರಿಸಿ, ಮತ್ತೆ ಇನ್ನೊಂದು ಭುಜದಿಂದ ನಡುವಿಗೆ. ಹೀಗೆ ಮಾಡಿದರೆ ಎರಡೂ ಬದಿ ಒಂದೇ ರೀತಿ ಇರುತ್ತವೆ. ಆಮೇಲೆ ಆ ತುಂಡನ್ನು ಪೇಪರ್ ಪ್ಯಾಟರ್ನ್ ಮೇಲೆ ಇಟ್ಟು ನೋಡಿ. ಹಿಗ್ಗಿದ್ದರೆ ಆ ಹೊಲಿಗೆಯ ದಾರವನ್ನು ಅಲ್ಲಲ್ಲಿ ಸ್ವಲ್ಪ ಎಳೆದು ಹಿಂದಿನ ಅಳತೆಗೆ ತರಬಹುದು.

ಕುತ್ತಿಗೆ ಎದ್ದು ನಿಲ್ಲುವುದಕ್ಕೆ ಬೇರೆ ಕಾರಣ. ಕುತ್ತಿಗೆಯ ಅಂಚು ಮುಗಿಸಲು ಒಳಗೆ ಬರುವ ಒಳಪಟ್ಟಿ ಹೊಲಿದು, ಮಾರ್ಜಿನ್ ಹಾಗೇ ಬಿಟ್ಟು ತಿರುಗಿಸಿದರೆ ಅದು ಮಲಗುವುದಿಲ್ಲ. ಕುತ್ತಿಗೆಯ ದುಂಡಿನಲ್ಲಿ ಮಾರ್ಜಿನ್‌ನ ಅಂಚು ಹೊಲಿಗೆಯ ಗೆರೆಗಿಂತ ಗಿಡ್ಡ, ತಿರುಗಿಸಿದ ಮೇಲೆ ಅದು ಉದ್ದವಾದ ಜಾಗದಲ್ಲಿ ಹರಡಿಕೊಳ್ಳಬೇಕು, ಆಗದೆ ಎಳೆಯುತ್ತದೆ. ಆದ್ದರಿಂದ ಒಂದೊಂದು ಸೆಂಟಿಮೀಟರ್‌ಗೆ ಒಂದರಂತೆ ಕತ್ತರಿಯ ತುದಿಯಿಂದ ಕಚ್ಚು ಕೊಡಿ, ಹೊಲಿಗೆಗೆ ಒಂದೆರಡು ಮಿಲಿಮೀಟರ್ ಉಳಿಯುವ ತನಕ. ಕಾಲರಿನ ಹಾಗೆ ಹೊರಕ್ಕೆ ಉಬ್ಬಿದ ದುಂಡಿಗೆ ಬರೀ ಕಚ್ಚು ಸಾಲದು, ಅಲ್ಲಿ ಮಾರ್ಜಿನ್ ಜಾಸ್ತಿಯಾಗಿ ಮಡಿಕೆ ಬೀಳುತ್ತದೆ, ಸಣ್ಣ ತ್ರಿಕೋನಗಳನ್ನು ಕತ್ತರಿಸಿ ತೆಗೆಯಬೇಕು. ಎರಡು ಮಾರ್ಜಿನ್‌ಗಳನ್ನೂ ಒಂದೇ ಅಗಲಕ್ಕೆ ಕತ್ತರಿಸದೆ, ಒಳಪಟ್ಟಿಯದನ್ನು ಇನ್ನೂ ಚಿಕ್ಕದು ಮಾಡಿದರೆ ಹೊರಗೆ ಗೀರು ಎದ್ದು ಕಾಣುವುದಿಲ್ಲ.

ಮುಂದಿನ ಹೆಜ್ಜೆಯನ್ನು ದಯವಿಟ್ಟು ಬಿಡಬೇಡಿ. ಮಾರ್ಜಿನ್‌ಗಳೆರಡನ್ನೂ ಒಳಪಟ್ಟಿಯ ಕಡೆಗೆ ತಳ್ಳಿ, ಒಳಪಟ್ಟಿಯ ಮೇಲೆ, ಹೊಲಿಗೆಗೆ 2 ಮಿಲಿಮೀಟರ್ ದೂರದಲ್ಲಿ, ಇನ್ನೊಂದು ಸಾಲು ಹೊಲಿಯಿರಿ. ಅಂಡರ್ ಸ್ಟಿಚ್ ಅಂದರೆ ಇದೇ. ಹೊರಗೆ ಈ ಹೊಲಿಗೆ ಕಾಣುವುದಿಲ್ಲ, ಆದರೆ ಒಳಪಟ್ಟಿ ಮತ್ತೆಂದೂ ಹೊರಗೆ ಇಣುಕುವುದಿಲ್ಲ. ಅಂಗಡಿಯ ಬಟ್ಟೆಯ ಕುತ್ತಿಗೆ ಚಪ್ಪಟೆಯಾಗಿ ಕೂರುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಒಳಪಟ್ಟಿ ಗಟ್ಟಿಯಾಗಲು ಅಂಟಿಸುವ ಕ್ಯಾನ್ವಾಸ್ ಹಾಕುತ್ತಿದ್ದರೆ ಇಸ್ತ್ರಿ ಪೆಟ್ಟಿಗೆಯನ್ನು ಉಜ್ಜಬೇಡಿ. ಒಂದೊಂದು ಜಾಗದಲ್ಲಿ 10ರಿಂದ 15 ಸೆಕೆಂಡ್ ಒತ್ತಿ ಹಿಡಿದು, ಎತ್ತಿ, ಪಕ್ಕದಲ್ಲಿ ಇಡಿ. ಪೂರ್ತಿ ತಣ್ಣಗಾಗುವ ತನಕ ಬಟ್ಟೆ ಅಲುಗಿಸಬೇಡಿ, ಅಂಟು ಹಿಡಿಯುವುದು ತಣಿಯುವಾಗಲೇ.

ಇಸ್ತ್ರಿಯ ಬಗ್ಗೆ ನೀವು ಏನೂ ಕೇಳಿಲ್ಲ. ಆದರೆ ನಿಮ್ಮ ಬಟ್ಟೆಗೂ ಅಂಗಡಿಯ ಬಟ್ಟೆಗೂ ಇರುವ ವ್ಯತ್ಯಾಸದಲ್ಲಿ ಅರ್ಧ ಇಲ್ಲೇ ಇದೆ ಅಂತ ನನ್ನ ಅನಿಸಿಕೆ. ಕೊನೆಯಲ್ಲಿ ಒಮ್ಮೆ ಇಡೀ ಬಟ್ಟೆಗೆ ಇಸ್ತ್ರಿ ಹಾಕುವುದರಿಂದ ಇದು ಆಗುವುದಿಲ್ಲ. ಪ್ರತಿಯೊಂದು ಹೊಲಿಗೆ ಹಾಕಿದ ಮೇಲೂ, ಅದನ್ನು ದಾಟಿ ಇನ್ನೊಂದು ಹೊಲಿಗೆ ಬೀಳುವ ಮುಂಚೆ, ಇಸ್ತ್ರಿ ಆಗಿರಬೇಕು. ಮೊದಲು ಹೊಲಿದ ಹಾಗೇ, ಬಿಡಿಸದೆ ಒತ್ತಿ. ಆಗ ದಾರ ಬಟ್ಟೆಯೊಳಗೆ ಕೂರುತ್ತದೆ, ಸಣ್ಣಪುಟ್ಟ ಸುಕ್ಕು ಅಲ್ಲೇ ಹೋಗುತ್ತದೆ. ಆಮೇಲೆ ಮಾರ್ಜಿನ್ ಬಿಡಿಸಿ ಒಳಗಡೆಯಿಂದ ಒತ್ತಿ. ಹಿಂದೆ ಮುಂದೆ ಎಳೆದಾಡಿದರೆ ಬಟ್ಟೆ ಹಿಗ್ಗುತ್ತದೆ, ಇಟ್ಟು ಎತ್ತಿ ಇಟ್ಟು ಎತ್ತಿ ಮಾಡಿ. ಡಾರ್ಟ್ (ಮೈಯ ಆಕಾರಕ್ಕೆ ಕೂರಲು ಹೊಲಿಯುವ ಚೂಪು ಮಡಿಕೆ) ಮತ್ತು ದುಂಡು ಹೊಲಿಗೆಗಳನ್ನು ಚಪ್ಪಟೆ ಹಲಗೆ ಮೇಲೆ ಒತ್ತಿದರೆ ಅವುಗಳ ಉಬ್ಬೇ ಹೋಗಿಬಿಡುತ್ತದೆ, ಒಂದು ಟವೆಲ್ ಬಿಗಿಯಾಗಿ ಸುತ್ತಿ ಅದರ ಮೇಲೆ ಇಟ್ಟು ಒತ್ತಿ. ಪಾಲಿಯೆಸ್ಟರ್, ರೇಷ್ಮೆ, ಉಣ್ಣೆ ಆದರೆ ಮೇಲೊಂದು ತೆಳು ಹತ್ತಿ ಬಟ್ಟೆ ಹಾಸಿಕೊಳ್ಳಿ, ಇಲ್ಲದಿದ್ದರೆ ಹೊಳಪಿನ ಕಲೆ ಬೀಳುತ್ತದೆ. ಮೆಷಿನ್ ಪಕ್ಕದಲ್ಲೇ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡರೆ ಎದ್ದು ಹೋಗುವ ಸೋಮಾರಿತನ ಕಾಡುವುದಿಲ್ಲ.

ಸ್ಕರ್ಟ್‌ನ ಅಂಚು ಏರುಪೇರಾಗುವುದಕ್ಕೂ ಓರೆ ಎಳೆಯೇ ಕಾರಣ. ಅಗಲ ಘೇರಿನ ಸ್ಕರ್ಟ್‌ನಲ್ಲಿ ಕೆಲವು ಭಾಗ ನೇರ ಎಳೆಯ ಮೇಲೆ, ಕೆಲವು ಭಾಗ ಕ್ರಾಸ್ ಮೇಲೆ ಇಳಿಯುತ್ತದೆ. ಕ್ರಾಸ್ ಭಾಗ ತನ್ನ ತೂಕಕ್ಕೇ ಜೋಲುತ್ತದೆ. ಹೊಲಿದ ದಿನವೇ ಅಂಚು ಮಡಚಿದರೆ ಆಮೇಲೆ ಜೋತು ಏರುಪೇರು ಆಗಲೇಬೇಕು. ಸೊಂಟಪಟ್ಟಿ ಹೊಲಿದ ಮೇಲೆ ಸ್ಕರ್ಟನ್ನು ಕನಿಷ್ಠ ಒಂದು ದಿನ ತೂಗುಹಾಕಿ, ಜೋಲುವುದು ಜೋತುಬಿಡಲಿ. ಆಮೇಲೆ ಯಾರಾದರೂ ಹಾಕಿಕೊಂಡು ನಿಂತಿರುವಾಗ ನೆಲದಿಂದ ಒಂದೇ ಎತ್ತರಕ್ಕೆ ಸುತ್ತಲೂ ಚಾಕಿನಿಂದ ಗುರುತು ಹಾಕಿ ಕತ್ತರಿಸಿ. ದುಂಡು ಅಂಚಿಗೆ ಅಗಲ ಮಡಿಕೆ ಬೇಡ, ಯಾಕೆಂದರೆ ಹೊರ ಅಂಚು ಯಾವಾಗಲೂ ಒಳಗಿನದಕ್ಕಿಂತ ಉದ್ದ, ಅಗಲ ಮಡಚಿದಷ್ಟೂ ಹೆಚ್ಚುವರಿ ಬಟ್ಟೆ ನೆರಿಗೆಯಾಗುತ್ತದೆ. ಅಂಚಿನಿಂದ 6 ಮಿಲಿಮೀಟರ್ ಒಳಗೆ ಸುತ್ತಲೂ ಒಂದು ಸಾಲು ಹೊಲಿದು, ಆ ಹೊಲಿಗೆಯ ಮೇಲೇ ಮಡಚಿ ಇಸ್ತ್ರಿ ಮಾಡಿ, ಮತ್ತೊಮ್ಮೆ ಅಷ್ಟೇ ಮಡಚಿ ಹೊಲಿಯಿರಿ. ಆ ಮೊದಲ ಹೊಲಿಗೆ ಅಳತೆಗೋಲಿನ ಕೆಲಸ ಮಾಡುತ್ತದೆ.

ಇನ್ನೊಂದು ಅನುಮಾನ. ಹೊಸ ಹತ್ತಿ ಬಟ್ಟೆಯನ್ನು ಒಗೆಯದೆ ಕತ್ತರಿಸುತ್ತಿದ್ದೀರಾ? ಹತ್ತಿ, ಲಿನನ್, ರೇಯಾನ್ ಮೂರೂ ಮೊದಲ ಒಗೆತಕ್ಕೆ ಕುಗ್ಗುತ್ತವೆ. ಬಟ್ಟೆ ಕುಗ್ಗುತ್ತದೆ, ಪಾಲಿಯೆಸ್ಟರ್ ದಾರ ಕುಗ್ಗುವುದಿಲ್ಲ, ಅಲ್ಲಿಗೆ ಹೊಲಿಗೆಯ ಆಕಾರ ಕೆಡುತ್ತದೆ. ಸಿದ್ಧವಾದ ಮೇಲೆ ಹೇಗೆ ಒಗೆಯುತ್ತೀರೋ ಹಾಗೇ ಕತ್ತರಿಸುವ ಮುಂಚೆ ಒಮ್ಮೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಿ.

ಓವರ್‌ಲಾಕ್ ಇಲ್ಲದೆ ಒಳಭಾಗ ನೀಟಾಗಿ ಮಾಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಮಾಡಬಹುದು, ತೆಳು ಬಟ್ಟೆಗೆ ಓವರ್‌ಲಾಕ್‌ಗಿಂತ ಚೆನ್ನಾಗಿಯೇ ಮಾಡಬಹುದು. ಅದಕ್ಕೆ ಫ್ರೆಂಚ್ ಸೀಮ್ ಕಲಿಯಿರಿ. ಎಂದಿನ ಹಾಗೆ ಒಳಮೈ ಹೊರಗೆ ಇಡುವ ಬದಲು, ಎರಡು ತುಂಡುಗಳ ಒಳಮೈ ಒಂದಕ್ಕೊಂದು ತಾಗುವ ಹಾಗೆ ಜೋಡಿಸಿ. 1.5 ಸೆಂಟಿಮೀಟರ್ ಮಾರ್ಜಿನ್ ಇದ್ದರೆ ಮೊದಲು ಅರ್ಧ ಸೆಂಟಿಮೀಟರ್‌ಗೆ ಹೊಲಿಯಿರಿ. ಮಾರ್ಜಿನ್ ಅನ್ನು 3 ಮಿಲಿಮೀಟರ್‌ಗೆ ಕತ್ತರಿಸಿ, ತಿರುಗಿಸಿ, ಹೊಲಿಗೆ ಸರಿಯಾಗಿ ಅಂಚಿಗೆ ಬರುವ ಹಾಗೆ ಇಸ್ತ್ರಿ ಮಾಡಿ. ಈಗ 1 ಸೆಂಟಿಮೀಟರ್‌ಗೆ ಎರಡನೇ ಹೊಲಿಗೆ. ಬಿಚ್ಚುವ ಎಳೆಗಳೆಲ್ಲ ಒಳಗೆ ಬಂದಿಯಾಗುತ್ತವೆ. ದಪ್ಪ ಬಟ್ಟೆಗೆ ಇದು ಹೊಂದುವುದಿಲ್ಲ, ಉಬ್ಬಿಬಿಡುತ್ತದೆ. ಅಲ್ಲಿ ಮಾರ್ಜಿನ್ ಅಂಚಿಗೆ ಜಿಗ್‌ಜಾಗ್ ಸಾಕು, ಅಥವಾ ತೆಳು ಬಟ್ಟೆಯ ಕ್ರಾಸ್ ಪಟ್ಟಿ ಸುತ್ತಿ ಹೊಲಿಯಿರಿ. ಜಿಗ್‌ಜಾಗ್ ಹಾಕುವಾಗ ಸೂಜಿಯ ಒಂದು ಏಟು ಬಟ್ಟೆಯೊಳಗೆ, ಇನ್ನೊಂದು ಅಂಚಿನ ಸ್ವಲ್ಪ ಹೊರಗೆ ಬೀಳಲಿ. ತೆಳು ಬಟ್ಟೆಯ ಅಂಚು ಅದರಲ್ಲಿ ಸುರುಳಿ ಸುತ್ತಿಕೊಂಡರೆ, ಮಾರ್ಜಿನ್ ಕತ್ತರಿಸುವ ಮುಂಚೆಯೇ ಒಳಗಡೆ ಜಿಗ್‌ಜಾಗ್ ಹಾಕಿ, ಆಮೇಲೆ ಅದರ ಪಕ್ಕಕ್ಕೆ ಉಳಿದದ್ದನ್ನು ಕತ್ತರಿಸಿ. ಹೊಲಿಗೆಗೆ ಕತ್ತರಿ ತಗುಲದಂತೆ ಮಾತ್ರ ಎಚ್ಚರ ಇರಲಿ.